ಹೂವಿನ ತೋಟದ ಹೆಸರಲ್ಲಿ ಹನ್ನೊಂದು ವರ್ಷ

ನಾನು ಒಂದು ಪುಸ್ತಕ. ಅರವತ್ತನಾಲ್ಕು ಪುಟ, ಎರಡು ಪಿನ್ನು, ತೆಳುವಾದ ರಟ್ಟು. ಗದಗಿನ ಒಂದು ಸಣ್ಣ ಮುದ್ರಣಾಲಯದಲ್ಲಿ, ಲಗ್ನಪತ್ರಿಕೆಗಳ ಹಾವಳಿ ಮುಗಿದ ಆಷಾಢದಲ್ಲಿ ಹುಟ್ಟಿದೆ. ನನ್ನನ್ನು ಬರೆದವರು ಮೂವತ್ತು ವರ್ಷ ಹೆರಿಗೆ ಮಾಡಿಸಿ ನಿವೃತ್ತರಾದ ಡಾಕ್ಟರ್ ಗಿರಿಜಾಬಾಯಿ. ಅವರ ಮುಂದೆ ಹುಡುಗ ಹುಡುಗಿಯರು, ತಾಯಂದಿರು ತಲೆ ತಗ್ಗಿಸಿಕೊಂಡು ಕೇಳಿದ ಪ್ರಶ್ನೆಗಳೆಲ್ಲ ನನ್ನಲ್ಲಿವೆ. ಮುಟ್ಟು ಎಂದರೇನು, ಹುಡುಗರ ಧ್ವನಿ ಯಾಕೆ ಒಡೆಯುತ್ತದೆ, ಯಾರಾದರೂ ಮೈಮೇಲೆ ಕೈ ಹಾಕಿದರೆ ಯಾರಿಗೆ ಹೇಳಬೇಕು, ಬಸಿರು ಹೇಗೆ ಆಗುತ್ತದೆ, ಹೇಗೆ ಆಗುವುದಿಲ್ಲ. ನನ್ನ ಹಾಳೆ ಮಡಚುತ್ತಿದ್ದ ಹೆಂಗಸರು ಮೊದಲು ಕಿಸಕ್ಕನೆ ನಕ್ಕರು, ಆಮೇಲೆ ಸುಮ್ಮನೆ ಓದತೊಡಗಿದರು. ಒಬ್ಬಳಂತೂ ಒಂದು ಪ್ರತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೇ ಒಯ್ದಳು. ಅವತ್ತು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ನನ್ನ ಪಾಲಿಗೆ ಬಂದದ್ದು ಗದಗಿನಿಂದ ಎರಡು ತಾಸು ದೂರದ ಹಳ್ಳಿಯ ಒಂದು ಹೈಸ್ಕೂಲು. ಅಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು ಗುರುಪಾದಪ್ಪ ಮಾಸ್ತರರು. ಅವರು ನನ್ನನ್ನು ತೆರೆದರು, ಎರಡು ಪುಟ ನೋಡಿದರು, ಬಾಗಿಲ ಕಡೆ ನೋಡಿದರು, ಪಟ್ಟನೆ ಮುಚ್ಚಿದರು. ಮಾಸ್ತರರು ಕೆಟ್ಟವರಲ್ಲ, ಪುಕ್ಕಲರು. ಶಾಲೆಯ ಮೊಹರು ಬಿದ್ದ ಪುಸ್ತಕ, ಎಸೆಯುವಂತಿಲ್ಲ. ಮಕ್ಕಳ ಕೈಗೆ ಸಿಕ್ಕರೆ ಊರ ಹಿರಿಯರು ಬಂದು ಕೇಳುತ್ತಾರೆ. ಆ ಶಾಲೆಯಲ್ಲಿ ಪ್ರತಿ ಜೂನ್‌ನಲ್ಲಿ ಹೊಸ ಪುಸ್ತಕಗಳಿಗೆ ಖಾಕಿ ಹಾಳೆ ಹೊದಿಸಿ ಮೇಲೆ ಹೆಸರು ಬರೆಯುವ ರೂಢಿ ಇತ್ತು. ಮಾಸ್ತರರು ನನಗೂ ಖಾಕಿ ಹೊದಿಸಿ, ದುಂಡನೆಯ ಅಕ್ಷರದಲ್ಲಿ ‘ಹೂವಿನ ತೋಟ’ ಎಂದು ಬರೆದರು. ದಾಖಲೆ ಪುಸ್ತಕದಲ್ಲೂ ಹಾಗೇ ಬರೆದುಬಿಟ್ಟರು. ಎರಡು ವರ್ಷದ ಮೇಲೆ ಶಾಲು ಹೊದ್ದು, ಹಾರ ಹಾಕಿಸಿಕೊಂಡು ನಿವೃತ್ತರಾದರು. ಹೋಗುವಾಗ ನನ್ನ ವಿಷಯ ಯಾರಿಗೂ ಹೇಳಲಿಲ್ಲ. ಮರೆತಿರಬೇಕು.

ಹನ್ನೊಂದು ವರ್ಷ ನಾನು ಜೇನು ಸಾಕಣೆಗೂ ಎರೆಗೊಬ್ಬರಕ್ಕೂ ನಡುವೆ ನಿಂತಿದ್ದೆ. ಗೋಡೆಯ ಆಚೆಗೆ ಒಂಬತ್ತನೆಯ ತರಗತಿ. ದೇಹದ ಬೆಳವಣಿಗೆಯ ಪಾಠ ಬಂದಾಗ ಪ್ರತಿ ವರ್ಷವೂ ಒಂದೇ ಮಾತು ಕೇಳುತ್ತಿತ್ತು: “ಇದನ್ನ ಮನ್ಯಾಗ ಓದ್ಕೋರಿ.” ಹುಡುಗರು ಕಿಸಿಕಿಸಿ ನಗುತ್ತಿದ್ದರು, ವಿಜ್ಞಾನ ಹೇಳುವವರು ಮುಂದಿನ ಪಾಠಕ್ಕೆ ಹಾರುತ್ತಿದ್ದರು. ಮನೆಯಲ್ಲಿ ಓದಿ ಹೇಳುವವರು ಯಾರು? ನನಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದು ಏನು ಮಾಡಲಿ, ಕಾಲಿಲ್ಲ, ಬಾಯಿಲ್ಲ.

ಚೈತ್ರಾ ಎಂಬ ಹುಡುಗಿ ನನ್ನ ಹತ್ತಿರ ಬಂದದ್ದು ಹನ್ನೊಂದನೆಯ ವರ್ಷ. ಒಂಬತ್ತನೆಯ ತರಗತಿ, ಹದಿನಾಲ್ಕು ವಯಸ್ಸು. ಅವಳ ಅಪ್ಪ ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ. ಅವ್ವ ಫಕೀರವ್ವ ಇದೇ ಶಾಲೆಯ ಬಿಸಿಯೂಟದ ಅಡುಗೆಯವಳು. ಕಪಾಟಿನ ಮರೆಯಲ್ಲಿ ನಿಂತು ಚೈತ್ರಾ ತನ್ನ ಗೆಳತಿ ಶಬಾನಾಳಿಗೆ ಪಿಸುಗುಟ್ಟಿದಳು.

“ಖೋಖೋ ಆಡೂವಾಗ ನಾ ಬಿದ್ದಿದ್ನೆಲ್ಲ, ನಮ್ಮ ಕ್ಲಾಸಿನ ಆ ಹುಡುಗ ಕೈ ಹಿಡದು ಎಬ್ಬಿಸಿದ. ಅವತ್ತಿಂದ ಎರಡ ತಿಂಗಳಾತು, ನಾ ಮುಟ್ಟಾಗಿಲ್ಲ.”

“ಬರೇ ಕೈ ಹಿಡದ್ರ ಆಗತೈತೇನು?”

“ಸಿನಿಮಾದಾಗ ನೋಡಿಲ್ಲೇನು? ಕೈ ಹಿಡಿತಾರ, ಎರಡ ಹೂವು ಅಲ್ಲಾಡ್ತಾವ, ಮುಂದಿನ ಸೀನಿನ್ಯಾಗ ಆಕಿ ವಾಂತಿ ಮಾಡ್ಕೋತಾಳ.”

ಬೇರೆ ಹೊತ್ತಿನಲ್ಲಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆದರೆ ಹುಡುಗಿ ಅದನ್ನು ನಿಜವೆಂದೇ ನಂಬಿದ್ದಳು. ಅವಳು ಕಪಾಟಿನ ಪುಸ್ತಕಗಳ ಮೇಲೆ ಒಂದೊಂದಾಗಿ ಬೆರಳಾಡಿಸುತ್ತ ಬಂದಳು. ವಿಜ್ಞಾನದ್ದು ನೋಡಿದಳು, ಆರೋಗ್ಯದ್ದು ನೋಡಿದಳು. ಅಲ್ಲಿ ಕಾಲರಾ ಇತ್ತು, ಸೊಳ್ಳೆ ಇತ್ತು. ಬೆರಳು ನನ್ನ ಬೆನ್ನಿನ ಮೇಲೆ ನಿಂತಿತು. ತೆಗೆಯೇ ತಾಯಿ, ನಲವತ್ತೊಂದನೆಯ ಪುಟ ತೆಗೆಯೇ ಎಂದು ನಾನು ಒಳಗೊಳಗೇ ಕೂಗಿಕೊಂಡೆ. ‘ಹೂವಿನ ತೋಟ’ ಎಂದು ಓದಿದಳು, ಬೆರಳು ಎತ್ತಿ ಮುಂದೆ ಹೋದಳು.

ವಾರ ಕಳೆಯುವಷ್ಟರಲ್ಲಿ ಮತ್ತೆ ಬಂದಳು. ಒಯ್ದಿದ್ದ ಕಥೆ ಪುಸ್ತಕ ವಾಪಸು ಕೊಟ್ಟಳು. ಕೆನ್ನೆ ಊದಿತ್ತು.

“ಮುಟ್ಟ ನಿಂತದ್ದು ಅವ್ವಗ ಗೊತ್ತಾತು,” ಎಂದಳು ಶಬಾನಾಳಿಗೆ. “ಕೈ ಹಿಡದದ್ದಷ್ಟ ಅಂದ್ರ ನಂಬಲಿಲ್ಲ. ಉಳದದ್ದು ಹೇಳು, ಉಳದದ್ದು ಹೇಳು ಅಂತ ಹೊಡದ್ಲು. ಉಳದದ್ದ ಇಲ್ಲ, ಏನ್ ಹೇಳ್ಲಿ? ಸೋಮವಾರ ಮೈಲಾರ ಮಾವನ ಜೋಡಿ ಮದಿವಿ. ಯಾರ ಮುಂದೂ ಹೇಳಬ್ಯಾಡ, ನಿನ್ನ ಕಾಲ ಬೀಳ್ತೀನಿ.”

ಮಾವನೆಂದರೆ ಫಕೀರವ್ವನ ಸ್ವಂತ ತಮ್ಮ ಮೈಲಾರಪ್ಪ, ಮೂವತ್ತರ ಗಂಡಸು.

ಅದೇ ದಿನ ಮಧ್ಯಾಹ್ನ ಮಕ್ಕಳ ಊಟ ಮುಗಿದ ಮೇಲೆ ಫಕೀರವ್ವನೂ ಬಂದಳು. ಕೈಯಲ್ಲಿ ಇನ್ನೂ ಸಾರಿನ ಸೌಟು. ಗ್ರಂಥಾಲಯ ಈಗ ವಿದ್ಯಾವತಿ ಟೀಚರ ಕೈಯಲ್ಲಿತ್ತು. ಅವರು ಬಂದು ಆರು ತಿಂಗಳಾಗಿತ್ತು ಅಷ್ಟೇ.

“ಅಕ್ಕಾರ, ಹೆಣ್ಮಕ್ಕಳ ಮೈಯಿಂದು, ಮುಟ್ಟಿಂದು ಬರದದ್ದು ಪುಸ್ತಕ ಐತೇನ್ರಿ? ಖರೇ ಖರೇ ಬರದಿದ್ದು.”

“ಯಾಕ ಫಕೀರವ್ವ?”

“ಸುಮ್ನ್ರಿ. ಮೊಬೈಲ್‌ನ್ಯಾಗ ನೋಡಿದ್ರ ಒಬ್ಬಾಂವ ಹಿಂಗ ಅಂತಾನ, ಒಬ್ಬಾಕಿ ಹಂಗ ಅಂತಾಳ, ನಡಕ ಹೇಸಿ ಚಿತ್ರ ಬರ್ತಾವ. ಯಾರ್ದು ನಂಬೂದು?”

“ದವಾಖಾನಿ ನರ್ಸ್‌ನ ಕೇಳಬಾರದೇನು?”

“ಆಕಿ ನಮ್ಮ ಭಾವನ ಮಗಳರಿ. ನಾ ಮನಿ ಮುಟ್ಟೂದ್ರಾಗ ಓಣಿಗೆಲ್ಲ ಗೊತ್ತಾಗಿರತೈತಿ.”

ಟೀಚರ ಮುಖ ಕೆಂಪಾಯಿತು. ಇನ್ನೊಂದು ಮಾತು ಕೇಳಿದ್ದರೆ ಆ ತಾಯಿ ಎಲ್ಲ ಒದರಿಬಿಡುತ್ತಿದ್ದಳೇನೋ. ಕೇಳಲಿಲ್ಲ. ದಾಖಲೆ ಪುಸ್ತಕವನ್ನು ಮೊದಲಿಂದ ಕೊನೆಯತನಕ ಬೆರಳಿಟ್ಟು ನೋಡಿದರು, ನನ್ನ ಹೆಸರಿನ ಮೇಲೂ ಬೆರಳು ಹಾಯಿತು. “ಅಂಥಾದ್ದು ಇಲ್ಲ ಫಕೀರವ್ವ,” ಎಂದರು. ಫಕೀರವ್ವ ಪಾತ್ರೆ ತೊಳೆಯಲು ಹೋದಳು. ನಾಲ್ಕು ಮಾರು ದೂರದಲ್ಲಿ ನಾನು ಇದ್ದೆ. ಅಷ್ಟು ದಿನಗಳಲ್ಲಿ ನನ್ನ ಹುಟ್ಟನ್ನು ನಾನು ಶಪಿಸಿಕೊಂಡದ್ದು ಅವತ್ತೇ.

ನನ್ನನ್ನು ಹೊರಗೆ ತಂದವನು ಜವಾನ ದ್ಯಾಮಣ್ಣ. ಶಾಲೆಯ ಮುಂದೆ ಮಲ್ಲಿಗೆ ಹಚ್ಚಬೇಕೆಂದು ಹೆಡ್‌ಮಾಸ್ತರರು ಹೇಳಿದ್ದರು. ಶನಿವಾರ ಬೆಳಿಗ್ಗೆ ಅವನು ನನ್ನನ್ನು ಒಯ್ದು, ಬೇವಿನ ಕಟ್ಟೆಯ ಮೇಲೆ ಕೂತು ತೆರೆದ. ಮರುಕ್ಷಣ ಚೇಳು ಕಡಿದವನ ಹಾಗೆ ಎದ್ದು ಬಂದ.

“ಅಕ್ಕಾರ, ಇದ ಹೂವಿಂದಲ್ರಿ. ಮತ್ತೇನೋ ಐತ್ರಿ,” ಎಂದು ನನ್ನನ್ನು ಮೇಜಿನ ಮೇಲಿಟ್ಟು, ತಿರುಗಿ ನೋಡದೆ ನಡೆದ.

ವಿದ್ಯಾವತಿ ಟೀಚರು ಖಾಕಿ ಹಾಳೆ ಹರಿದರು. ನಿಂತಲ್ಲೇ ಓದಿದರು. “ಅಯ್ಯೋ,” ಎಂದರು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಟರು.

ಫಕೀರವ್ವನ ಮನೆ ಮುಂದೆ ಹಂದರ ಏಳುತ್ತಿತ್ತು. ಮೈಲಾರಪ್ಪ ಗೂಟ ನೆಡುತ್ತಿದ್ದ. ಫಕೀರವ್ವ ಅವತ್ತು ಯಾಕೆ ಕೇಳಿದ್ದಳೆಂದು ಟೀಚರಿಗೆ ಅರ್ಥವಾಯಿತು. ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ ನಲವತ್ತೊಂದನೆಯ ಪುಟ ಬಿಡಿಸಿ ಫಕೀರವ್ವನ ಕೈಗಿಟ್ಟರು. ಏಳನೆಯ ತರಗತಿಯವರೆಗೆ ಓದಿದವಳು, ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದಳು.

‘ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಅದು ತಿಂಗಳು ತಿಂಗಳು ಸರಿಯಾಗಿ ಬರಬೇಕೆಂದಿಲ್ಲ. ನಡುವೆ ಒಂದೆರಡು ತಿಂಗಳು ತಪ್ಪಬಹುದು. ಮೂರು ತಿಂಗಳು ದಾಟಿದರೆ ವೈದ್ಯರಿಗೆ ತೋರಿಸಿ. ಕೈ ಹಿಡಿದರೆ, ಪಕ್ಕದಲ್ಲಿ ಕೂತರೆ ಯಾರೂ ಬಸಿರಾಗುವುದಿಲ್ಲ.’

ಮೂರು ಸಲ ಓದಿದಳು. “ಆಕಿಗಿ ಸುರುವಾಗಿ ಇನ್ನ ವರ್ಷ ತುಂಬಿಲ್ರಿ,” ಎಂದಳು. ಆಮೇಲೆ ಕೇಳಿದಳು: “ಇದ ಎಲ್ಲಿತ್ರಿ?”

“ನಮ್ಮ ಕಪಾಟಿನ್ಯಾಗ.”

“ಮೊನ್ನೆ ನಾ ಬಂದಾಗೂ?”



ಫಕೀರವ್ವ ಎದ್ದು ಹೊರಗೆ ಹೋದಳು, ಹಂದರದ ಗೂಟಕ್ಕೆ ಕೈ ಹಾಕಿ ಕಿತ್ತಳು. “ಮದಿವಿ ಇಲ್ಲ.” ಮೈಲಾರಪ್ಪ ಹಾರಾಡಿದ. ನೆಂಟರಿಗೆಲ್ಲ ಹೇಳಿದ್ದಾಗಿದೆ, ಮುಖ ಎಲ್ಲಿಡುವುದು ಎಂದ, ಅಕ್ಕನ ರಟ್ಟೆ ಹಿಡಿದು ಜಗ್ಗಿದ. ಟೀಚರು ಮಕ್ಕಳ ಸಹಾಯವಾಣಿಗೆ ಹಚ್ಚುತ್ತೇನೆಂದು ಫೋನು ತೆಗೆದಾಗ ಕೈ ಬಿಟ್ಟ. ಆ ಮನೆಯ ಬಾಗಿಲಿಗೆ ಮತ್ತೆ ಕಾಲಿಡುವುದಿಲ್ಲವೆಂದು ಆಣೆ ಮಾಡಿ ಹೋದ, ಇವತ್ತಿನವರೆಗೂ ಬಂದಿಲ್ಲ.

ಒಳಗೆ ಮೂಲೆಯಲ್ಲಿ ಚೈತ್ರಾ ಕೂತಿದ್ದಳು. ಅವ್ವ ನನ್ನನ್ನು ಅವಳ ತೊಡೆಯ ಮೇಲಿಟ್ಟಳು. ಹುಡುಗಿ ಸರಸರನೆ ಓದಿದಳು. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ನನ್ನನ್ನು ಮುಚ್ಚಿ, ಮುಖ ಎತ್ತಿ ಕೇಳಿದಳು.

“ನಾ ಖರೇನ ಹೇಳಿದ್ನೆಲ್ಲ, ಅವ್ವಾ. ಮತ್ಯಾಕ ಹೊಡದಿ?”

ಅದಾಗಿ ನಾಲ್ಕು ವರ್ಷ. ಚೈತ್ರಾ ಈಗ ಗದಗಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ರಜೆಗೆ ಬರುತ್ತಾಳೆ, ಉಣ್ಣುತ್ತಾಳೆ, ಹೋಗುತ್ತಾಳೆ. ಅವ್ವನ ಜೊತೆ ಮಾತು ಕಡಿಮೆ. ಟೀಚರು ನನ್ನನ್ನು ವಾಪಸು ಕೇಳಲಿಲ್ಲ, ನಾನು ಫಕೀರವ್ವನ ಮನೆಯ ಗೋಡೆಗೂಡಿನಲ್ಲೇ ಇದ್ದೇನೆ. ಪಿನ್ನು ತುಕ್ಕು ಹಿಡಿದಿದೆ, ಹಾಳೆಗೆ ಒಗ್ಗರಣೆಯ ಘಾಟು ಹತ್ತಿದೆ. ಓಣಿಯ ಹೆಂಗಸರು ಬಂದು ಒಯ್ಯುತ್ತಾರೆ, ವಾಪಸು ತರುತ್ತಾರೆ. ಅವರ ಪ್ರಶ್ನೆಗಳಿಗೆಲ್ಲ ನನ್ನಲ್ಲಿ ಉತ್ತರವಿದೆ, ಅಷ್ಟರಮಟ್ಟಿಗೆ ನನ್ನ ಬಾಳು ದಂಡವಾಗಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಫಕೀರವ್ವ ನನ್ನನ್ನು ಕೆಳಗಿಳಿಸಿ, ಮೊದಲ ಪುಟದಿಂದ ಅರವತ್ತನಾಲ್ಕನೆಯ ಪುಟದವರೆಗೆ ಬೆರಳಿಟ್ಟು ಓದುತ್ತಾಳೆ. ಮಗಳು ಅವತ್ತು ಕೇಳಿದ್ದಕ್ಕೆ ಏನು ಹೇಳಬೇಕೆಂದು ಹುಡುಕುತ್ತಾಳೆ. ಅದು ನನ್ನಲ್ಲಿ ಇಲ್ಲ.