ವೈದ್ಯನ ಹೆಸರು

ಉಧ್ನಾದಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನ ಬಾಲಚಂದ್ರ ಅಂಕಲ್ ರೈಲ್ವೆಯಿಂದ ನಿವೃತ್ತರಾಗಿ ಸೂರತ್‌ನಲ್ಲೇ ಉಳಿದವರು. ಪ್ರಾಚೀನ ಈಜಿಪ್ಟಿನ ಕೊಲೆ ಕಾದಂಬರಿಗಳೆಂದರೆ ಅವರಿಗೆ ಪ್ರಾಣ. ಈಗ ಕಣ್ಣು ಮಂಜು. ಮಧ್ಯಾಹ್ನ ಹೋಗಿ ನಾನೇ ಓದಿ ಹೇಳುತ್ತೇನೆ.

ಅಜ್ಜನ ಭಾರತವಾಚನ ಕೇಳುತ್ತ ಬೆಳೆದವಳು ನಾನು. ಇಂಗ್ಲಿಷ್ ಓದಿದರೂ ದನಿ ರಾಗಕ್ಕೆ ಜಾರುತ್ತದೆ.

“ಹೇಮಾ, ಫೇರೋ ಅರಮನೇಲಿ ಕಾಂಬೋಧಿ ಬೇಡಮ್ಮ,” ಎನ್ನುತ್ತಾರೆ ಅಂಕಲ್.

ಹೊಸ ಪುಸ್ತಕ ಶುರುವಾಗಿ ವಾರವಾಗಿತ್ತು. ದೇವಾಲಯದ ಅರ್ಚಕನನ್ನು ಕೊಂದವನು ಹೆಣಕ್ಕೆ ಲೇಪ ಹಚ್ಚುವವನೇ ಎಂದು ಅಂಕಲ್ ಹಟ ಹಿಡಿದಿದ್ದರು. ಗುರುವಾರದ ಅಧ್ಯಾಯದ ಕೊನೆಗೆ, ಕೊಲೆ ಪತ್ತೆ ಮಾಡುತ್ತಿದ್ದ ಲಿಪಿಕಾರನ ಮಗಳ ಹೆಣ ನೈಲ್ ದಡದ ಜೊಂಡಿನಲ್ಲಿ ಸಿಕ್ಕಿತು. ನಾನು ಏಳುವ ಹೊತ್ತಾಗಿತ್ತು.

ಸಾವಿನಲ್ಲಿ ಓದು ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಅಂಥ ದಿನ ಅಜ್ಜ ಪಟ್ಟಾಭಿಷೇಕದ ಒಂದು ಪದ್ಯ ಹಾಡಿಯೇ ಪುಸ್ತಕ ಕಟ್ಟುತ್ತಿದ್ದರು. ಕೈ ತಾನಾಗಿ ಕೊನೆಯ ಪುಟಕ್ಕೆ ಹೋಯಿತು. ಲಿಪಿಕಾರ ದೇವಾಲಯದ ವೈದ್ಯನನ್ನು ಹಿಡಿದು ಒಪ್ಪಿಸಿದ್ದು, ಜನ ನದಿಯಲ್ಲಿ ದೀಪ ಬಿಟ್ಟದ್ದು ಓದಿ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡೆ.

ಅಂಕಲ್ ನನ್ನ ಕಡೆ ತಿರುಗಿದರು.

“ವೈದ್ಯನಾ?”

ಆಗ ತಿಳಿಯಿತು ನಾನು ಮಾಡಿದ್ದು. ತಪ್ಪಾಯಿತು ಎನ್ನುವ ಬದಲು, “ಕರ್ಣ ಸಾಯ್ತಾನೆ ಅಂತ ಗೊತ್ತಿದ್ದೂ ಕೇಳ್ತೀವಲ್ಲ ಅಂಕಲ್,” ಎಂದುಬಿಟ್ಟೆ.

“ಕರ್ಣ ತೊಟ್ಟಿಲಿಂದ ಗೊತ್ತಮ್ಮ. ಇವನನ್ನ ನಾನೇ ಹಿಡೀಬೇಕು ಅಂತಿದ್ದೆ.”

ಚಹಾ ತಂದ ಅವರ ಹೆಂಡತಿ ಪಾರ್ವತಿ ಆಂಟಿ ನಕ್ಕರು. “ಸಾರಿಗೆ ಉಪ್ಪು ಹಾಕೋಕೂ ಬಿಡದೆ ಬಂದು ಸುಳಿವು ಹೇಳ್ತಿದ್ರು. ಇನ್ನು ನನಗೆ ಆರಾಮ.”

ಅವರು ನಕ್ಕಿದ್ದಕ್ಕೇ ನನಗೆ ತಲೆ ಎತ್ತಲಾಗಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಬಂದೆ.

ಮರುದಿನ ತಲೆನೋವೆಂದು ಹೇಳಿಕಳಿಸೋಣವೆನಿಸಿತು. ಆದರೂ ಹೋದೆ.

“ನನ್ನಿಂದ ತಪ್ಪಾಯ್ತು ಅಂಕಲ್.”

“ಇರಲಿ ಬಿಡು. ಆ ಹುಡುಗಿ ಸಿಕ್ಕಿದಳಲ್ಲ, ಅಲ್ಲಿಂದ ಓದು.”

ಎರಡನೇ ಪುಟದಲ್ಲೇ ವೈದ್ಯ ಬಂದ, ಮಗಳನ್ನು ಕಳೆದುಕೊಂಡ ತಂದೆಗೆ ಕಷಾಯ ಹಿಡಿದುಕೊಂಡು. ಸಾಲಿನ ಮೇಲೆ ಬೆರಳಿಟ್ಟು ಓದು ನಿಲ್ಲಿಸಿದೆ.

“ನಿಲ್ಲಿಸಬೇಡ. ಅವನೂ ಮಾತಾಡಲಿ,” ಎಂದರು ಅಂಕಲ್.

ಹಿಂದಾದರೆ ಸುಳಿವಿಗಾಗಿ ಪುಟಕ್ಕೆರಡು ಸಲ ತಡೆದು, ಆ ಸಾಲು ಇನ್ನೊಮ್ಮೆ ಓದು ಎನ್ನುತ್ತಿದ್ದರು. ಅಂದು ಒಮ್ಮೆಯೂ ತಡೆಯಲಿಲ್ಲ. ನಲವತ್ತು ಪುಟ ಓದಿ ಮುಗಿಸಿದೆ.