ತೆಂಕು ಬದಿಯ ಕೊಂಬೆ

"ಅದಲ್ಲ ರೂಪೇಶ, ಆ ಕೊಂಬೆ ಬೇಡ!" ಎಂದು ವೆಂಕ್ಟ್ರಮಣ ಕೂಗುವಷ್ಟರಲ್ಲಿ, ನೆರೆಮನೆಯ ರೂಪೇಶ ಮಾವಿನ ಮರದ ಮೊದಲ ಕವಲಿಗೆ ಒಂದು ಏಟು ಹಾಕಿಯಾಗಿತ್ತು.

ಅಂಗಳದಲ್ಲಿ ನೆರೆದವರೆಲ್ಲ ತಿರುಗಿ ನೋಡಿದರು. ನಡುಮನೆಯಲ್ಲಿ ವೆಂಕ್ಟ್ರಮಣನ ಹೆಂಡತಿ ಪರಮೇಶ್ವರಿಯ ಹೆಣ ಮಲಗಿಸಿದ್ದರು. ಚಿತೆಗೆ ಹಿತ್ತಲಿನ ಮಾವಿನ ಸೌದೆಯೇ ಆಗಬೇಕೆಂಬುದು ಆ ಮನೆಯ ರೂಢಿ.

"ಇದು ಕೈಗೆ ಸಿಕ್ತದೆ ಮಾವ. ಮತ್ತೆ ಯಾವ್ದು ಕಡೂದು?"

"ಮಾಡಿನ ಮೇಲೆ ಬಾಗಿದ್ದು. ತೆಂಕು ಬದಿದು."

"ಹಂಚಿನ ಮೇಲೆ ಬಿದ್ರೆ?"

"ಹಗ್ಗ ಕಟ್ಟಿ ಇಳ್ಸು. ಒಡೆದ್ರೆ ಒಡೀಲಿ."

"ಹೆಣ ಇಟ್ಕಂಡು ಎಂತಾ ಹಟ ಇದು?" ಎಂದಳು ರೂಪೇಶನ ತಾಯಿ ಅಂಬಾ. ವೆಂಕ್ಟ್ರಮಣನ ಮಗಳು ಗೀತಾಂಜಲಿ ಅಪ್ಪನ ಮುಖವನ್ನೊಮ್ಮೆ ನೋಡಿ, ಬಾವಿಯ ಹಗ್ಗ ಬಿಚ್ಚಿ ತಂದು ರೂಪೇಶನ ಕೈಗೆ ಕೊಟ್ಟಳು.

*

ಅಘನಾಶಿನಿ ಊರಿನ ಹೆಂಗಸರಿಗೆ ಪರಮೇಶ್ವರಿ ಮೂವತ್ತೆಂಟು ವರ್ಷ ರವಿಕೆ ಹೊಲಿದವಳು. ಯಾರು ಸೊರಗಿದರು, ಯಾರು ಮೈತುಂಬಿಕೊಂಡರು ಎಂಬುದು ಎಲ್ಲರಿಗಿಂತ ಮೊದಲು ಅವಳ ಟೇಪಿಗೆ ಗೊತ್ತಾಗುತ್ತಿತ್ತು. ಮೊಣಕಾಲು ಸೋತ ಮೇಲೆ ಮಶೀನಿಗೆ ಮೋಟರು ಹಾಕಿಸಿಕೊಂಡಳು. ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ, ಮೂರು ದಿನ ಪತ್ತೆಯಿರುತ್ತಿರಲಿಲ್ಲ. ಚವತಿಯ ರವಿಕೆಗಳು ರಾಶಿ ಬೀಳುವುದೂ ಆಗಲೇ.

ಕಳೆದ ವರ್ಷ ಅವಳೇ ಫೋನು ಮಾಡಿ ಕುಮಟೆಯಿಂದ ಸೋಲಾರಿನವನನ್ನು ಕರೆಸಿದಳು. ಅವನು ಮಾಡು ಅಳೆದು ಇಳಿದು, ಬ್ಯಾಟರಿ ಸೇರಿದರೆ ಹಾಕಿದ ದುಡ್ಡು ಹುಟ್ಟಲು ಹತ್ತು ವರ್ಷ ಬೇಕು ಎಂದ.

"ಬಿಲ್ಲೇ ಬರದ ಮನೆಗೆ ಸೋಲಾರ್ ಎಂತಕೆ? ಸರ್ಕಾರ ಕರೆಂಟು ಫುಕಟ್ ಕೊಡ್ತದಲ್ಲ," ಎಂದ ವೆಂಕ್ಟ್ರಮಣ.

"ಇದ್ದಾಗ ಕೊಡ್ತದೆ. ಬಿಲ್ಲಿಗಲ್ಲ ನಾ ಕೇಳೂದು, ಕಾಲಿಗೆ."

"ಹತ್ತು ವರ್ಷ ನಾವು ಇರೂದು ಯಾರಿಗೆ ಗೊತ್ತು?"

"ಇದ್ರೆ?" ಎಂದು ಅವಳು ನಕ್ಕಳು.

ಅವನಿಗೂ ನಗು ಬಂತು. ಆತು ಎಂದು ಒಪ್ಪುವವನೇ ಇದ್ದ. ಅಷ್ಟರಲ್ಲಿ ಸೋಲಾರಿನವನು, ತೆಂಕು ಬದಿಯ ಕೊಂಬೆ ತೆಗೆಯದೆ ಬಿಸಿಲು ಸಿಗುವುದಿಲ್ಲ ಎಂದ. ಅದು ಇಶಾಡ ಜಾತಿಯ ಮಾವು. ಹಣ್ಣು ಹಿಡಿಯುತ್ತಿದ್ದುದೇ ಆ ಕೊಂಬೆಗೆ. ಕಡವಿನಲ್ಲಿ ದೋಣಿ ದಾಟಿಸಿ ಬಂದ ವೆಂಕ್ಟ್ರಮಣ ಮಧ್ಯಾಹ್ನ ಜಗಲಿಯಲ್ಲಿ ಮೈಚಾಚುತ್ತಿದ್ದುದು ಅದರ ತಂಪಿನಲ್ಲಿ.

"ಫಲ ಕೊಡೂ ಕೊಂಬೆ ಕಡೂದಾ? ನನ್ನ ಜೀವ ಇರೂವರೆಗೆ ಇಲ್ಲ," ಎಂದುಬಿಟ್ಟ.

ಅವಳು ಮತ್ತೆ ಕೇಳಲಿಲ್ಲ. ಕರೆಂಟಿಲ್ಲದ ದಿನ ಎಡಗಾಲೊಂದರಲ್ಲೇ ಮಶೀನು ತುಳಿದಳು. ಕುಂಟುವ ಆ ಸದ್ದು ಕೇಳಿದಾಗೆಲ್ಲ ಅವನು ಜಗಲಿಯಲ್ಲಿ ಮಗ್ಗುಲು ಬದಲಿಸುತ್ತಿದ್ದ. ಕೊಂಬೆ ಕಡಿಸೋಣ ಎಂದು ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದ.

ನಿನ್ನೆ ಸಂಜೆ ಸದ್ದು ನಿಂತಿತು. ನೂಲು ಪೋಣಿಸುತ್ತಿರಬೇಕು ಎಂದು ಅವನು ಸುಮಾರು ಹೊತ್ತು ಕಾದ. ಒಳಗೆ ಹೋದಾಗ ಅವಳು ಬಟ್ಟೆಯ ಮೇಲೆ ಕೆನ್ನೆಯಿಟ್ಟಿದ್ದಳು.

*

ಕೊಂಬೆ ಹಗ್ಗದಲ್ಲಿ ತೂಗಾಡುತ್ತ ಇಳಿಯಿತು. ಅಂಚಿನ ಎರಡು ಹಂಚು ಒಡೆದವು. ಮಸಣದಲ್ಲಿ ಹಸಿ ಮಾವು ಬೇಗ ಹೊತ್ತಲಿಲ್ಲ. ಒಣಸೌದೆ, ತೆಂಗಿನ ಗರಟೆ ಸುರಿದು ಹಿಡಿಸಬೇಕಾಯಿತು. ಅಷ್ಟೂ ಹೊತ್ತು ವೆಂಕ್ಟ್ರಮಣ ಹೊಗೆಗೆ ಮುಖ ತಿರುಗಿಸದೆ ನಿಂತಿದ್ದ.

ಮಿಂದು ಬರುವಾಗ ನಡು ಮಧ್ಯಾಹ್ನ. ನೆಲ ಸಾರಿಸಿ, ತಾಯಿಯನ್ನು ಮಲಗಿಸಿದ್ದ ಜಾಗದಲ್ಲಿ ಗೀತಾಂಜಲಿ ದೀಪ ಹಚ್ಚಿಟ್ಟಿದ್ದಳು.

"ಆ ಸೋಲಾರಿನವನ ನಂಬರು ಅದ್ಯಾ ನಿನ್ನ ಹತ್ರ?" ಎಂದು ವೆಂಕ್ಟ್ರಮಣ ಕೇಳಿದ.

"ಅದೆ. ಈಗ ಎಂತಕೆ ಅಪ್ಪಾ? ಹೊಲಿಯೂವ್ರು ಯಾರು?"

"ಇರ್ಲಿ, ಅಳಿಸ್ಬೇಡ," ಎಂದಷ್ಟೇ ಹೇಳಿ ಅವನು ದೀಪದ ಹತ್ತಿರ ಕೂತ.

ಕೊಂಬೆಯ ನೆರಳು ಹೋಗಿ, ಮಾಡಿನ ಗಾಜಿನ ಹಂಚಿನಿಂದ ಬಿಸಿಲು ನೇರ ನೆಲಕ್ಕೆ ಇಳಿದಿತ್ತು. ಆ ಬೆಳಕಲ್ಲಿ ದೀಪದ ಕುಡಿ ಕಾಣುತ್ತಲೇ ಇರಲಿಲ್ಲ. ಉರಿಯುತ್ತಿದೆಯೋ ಇಲ್ಲವೋ ತಿಳಿಯದೆ, ಅವನು ಅಂಗೈಯನ್ನು ಮೆಲ್ಲಗೆ ಅದರ ಮೇಲೆ ಹಿಡಿದ.