ಬಲಗಾಲಿನ ಅಳತೆ

ಸಿನಿಮಾ ಮಂದಿರದಲ್ಲಿ ಎಲ್ಲರೂ ಅವನ ಒದೆತಕ್ಕೆ ಶಿಳ್ಳೆ ಹೊಡೆಯುತ್ತಿದ್ದರೆ ಅವನ ಅಕ್ಕ ಮಾತ್ರ ಅವನ ಪ್ಯಾಂಟಿನ ಹೊಲಿಗೆ ನೋಡುತ್ತಾ ಕೂತಿರುತ್ತಿದ್ದಳು. ಕಾಲು ತಲೆಯ ಮೇಲಕ್ಕೆ ಹೋದಾಗ ತೊಡೆಸಂದಿಯ ಬಟ್ಟೆ ಎಳೆಯಿತೋ ಇಲ್ಲವೋ, ಮಂಡಿಯ ಹತ್ತಿರ ಸುಕ್ಕು ಬಿತ್ತೋ ಇಲ್ಲವೋ, ಅಷ್ಟೇ ಅವಳ ಸಿನಿಮಾ. "ಊರೆಲ್ಲ ನನ್ನ ನೋಡುತ್ತೆ, ನಮ್ಮಕ್ಕ ದಾರ ನೋಡ್ತಾಳೆ," ಎಂದು ತಮ್ಮ ಆಡಿಕೊಳ್ಳುತ್ತಿದ್ದ. ಅವಳು ಬಿಡುವವಳಲ್ಲ. "ದಾರ ಕಿತ್ಕೊಂಡ್ರೆ ಊರೆಲ್ಲ ಏನ್ ನೋಡುತ್ತೆ ಅಂತ ನಿಂಗೇ ಗೊತ್ತಲ್ಲ, ಸುಮ್ನಿರು," ಎನ್ನುತ್ತಿದ್ದಳು.

ಅದು ಒಂದು ಸಲ ಆಗಿಯೂ ಇತ್ತು. ತಾಯಿ ತೀರಿಕೊಂಡಾಗ ತಮ್ಮನಿಗೆ ಐದು ವರ್ಷ, ಅಕ್ಕನಿಗೆ ಹದಿನಾಲ್ಕು. ಅಪ್ಪ ಎನ್ನುವವನು ಅದಕ್ಕೂ ಮೊದಲೇ ಯಾವುದೋ ಬಸ್ಸು ಹತ್ತಿ ಹೋಗಿದ್ದ. ಆ ಬಸ್ಸು ಇನ್ನೂ ವಾಪಸು ಬಂದಿಲ್ಲ. ಅಕ್ಕ ದರ್ಜಿ ಅಂಗಡಿಯೊಂದರಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಸೇರಿ ಎರಡೇ ವರ್ಷದಲ್ಲಿ ಮಷೀನಿನ ಮುಂದೆ ಕೂತಳು. ತಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗೋಡೆ ಕಂಡರೆ ಹತ್ತಬೇಕು, ಚರಂಡಿ ಕಂಡರೆ ಹಾರಬೇಕು. ಬೀದಿಯವರ ದೂರು ಕೇಳಿ ಕೇಳಿ ಸಾಕಾಗಿ, ಒಂದು ದಿನ ಅವನ ಕಿವಿ ಹಿಡಿದುಕೊಂಡು ಹಿಂದಿನ ಬೀದಿಯ ಶೆಡ್ಡಿಗೆ ಎಳೆದುಕೊಂಡು ಹೋದಳು. ಅಲ್ಲಿ ಫೈಟ್ ಮಾಸ್ಟರ್ ಒಬ್ಬರು ಸಿನಿಮಾದವರಿಗೆ ಒದೆಯುವುದನ್ನೂ ಬೀಳುವುದನ್ನೂ ಕಲಿಸುತ್ತಿದ್ದರು.

"ಮಾಸ್ಟರ್, ಇವನ ಕಾಲಿಗೆ ಏನಾದ್ರೂ ಕೆಲ್ಸ ಕೊಡಿ. ಇಲ್ದಿದ್ರೆ ನಾನೇ ಮುರೀತೀನಿ."

ಮಾಸ್ಟರ್ ಹುಡುಗನ ಬಲದೊಡೆಯನ್ನು ಎರಡು ಸಲ ತಟ್ಟಿ ನೋಡಿದರು. "ಇದನ್ನ ಮುರೀಬೇಡಮ್ಮ, ನಂಗೆ ಬೇಕು," ಎಂದರು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನಿಗೆ ಮೊದಲ ಅವಕಾಶ. ಖಳನಾಯಕನ ತಲೆಯ ಮೇಲಿನ ಟೋಪಿಯನ್ನು ಒದ್ದು ಹಾರಿಸಬೇಕು, ಅಷ್ಟೇ. ಟೋಪಿ ಹಾರಿತು, ಅದರ ಜೊತೆಗೆ ಪ್ಯಾಂಟೂ ಹಿಂದಿನಿಂದ ಮುಂದಿನವರೆಗೆ ಹರಿಯಿತು. ಲೈಟ್ ಹಿಡಿದವರಿಂದ ಹಿಡಿದು ಚಹಾ ಕೊಡುವವರವರೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬಸ್ಸಿನಲ್ಲಿ ಮನೆಗೆ ಬಂದವನು ಮೂಲೆ ಸೇರಿ ಅತ್ತ. ಅಕ್ಕ ಸಮಾಧಾನ ಮಾಡಲು ಹೋಗಲಿಲ್ಲ. ಪ್ಯಾಂಟು ಬಿಚ್ಚಿಸಿಕೊಂಡು, ತೊಡೆಸಂದಿಗೆ ನಾಲ್ಕು ಮೂಲೆಯ ಒಂದು ತುಂಡು ಕೂಡಿಸಿ, ಎರಡೆರಡು ಹೊಲಿಗೆ ಹಾಕಿ, "ಈಗ ಒದಿ ನೋಡ್ತೀನಿ," ಎಂದಳು. ಅವನು ಅಳುತ್ತಳುತ್ತಲೇ ಬಾಗಿಲ ಮೇಲಿನ ಪಟ್ಟಿಗೆ ಒದ್ದ. ಪಟ್ಟಿ ಬಿತ್ತು, ಹೊಲಿಗೆ ಬಿಡಲಿಲ್ಲ. ಅಂದಿನಿಂದ ಇಪ್ಪತ್ತನಾಲ್ಕು ವರ್ಷ, ನಲವತ್ತೊಂದು ಸಿನಿಮಾ, ಬೇರೆ ಯಾರೂ ಹೊಲಿದ ಬಟ್ಟೆಯನ್ನು ಅವನು ಕ್ಯಾಮೆರಾ ಮುಂದೆ ತೊಡಲಿಲ್ಲ.

ಮೊದಲು ನಾಯಕನ ಬದಲಿಗೆ ಗಾಜು ಒಡೆದುಕೊಂಡು ಬಿದ್ದ. ಆಮೇಲೆ ನಾಯಕನ ಕೈಯಲ್ಲಿ ಹೊಡೆಸಿಕೊಂಡು ಬಿದ್ದ. ಆಮೇಲೆ ಒಂದು ದಿನ ತಾನೇ ನಾಯಕನಾದ. ಜನ ಅವನಿಗೆ 'ಸ್ಪ್ರಿಂಗ್' ಎಂದು ಹೆಸರಿಟ್ಟರು. ನಟನೆ ಅಷ್ಟಕ್ಕಷ್ಟೆ ಎಂದು ಒಪ್ಪಿಕೊಳ್ಳಲೇಬೇಕು. ಅವನಿಗಿದ್ದದ್ದು ಎರಡೇ ಮುಖ, ಹೊಡೆಯುವ ಮೊದಲಿನದು ಒಂದು, ಹೊಡೆದ ಮೇಲಿನದು ಇನ್ನೊಂದು. ಆದರೆ ಅವನು ನೆಲ ಬಿಟ್ಟು ಮೇಲೆದ್ದರೆ ಮಂದಿರದ ಕುರ್ಚಿಗಳೆಲ್ಲ ಖಾಲಿಯಾಗುತ್ತಿದ್ದವು, ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಪೋಸ್ಟರಿನಲ್ಲಿ ಅವನ ಹೆಸರಿಗಿಂತ ದೊಡ್ಡದಾಗಿ 'ಡೂಪ್ ಇಲ್ಲ, ಹಗ್ಗ ಇಲ್ಲ' ಎಂದು ಬರೆಸುತ್ತಿದ್ದರು. ಮದುವೆ ಮಾಡಿಕೋ ಎಂದು ಅಕ್ಕ ಹೇಳಿದರೆ, "ನೀನು ಮೊದ್ಲು ಮಾಡ್ಕೊ," ಎನ್ನುತ್ತಿದ್ದ. ಹಾಗೆ ಹೇಳುತ್ತಾ ಹೇಳುತ್ತಾ ಇಬ್ಬರದೂ ವಯಸ್ಸು ಮೀರಿತು.

ಅವನ ಎಲ್ಲ ಜಿಗಿತಗಳಿಗೂ ಮಾಸ್ಟರದೇ ಲೆಕ್ಕ. ಅವರ ಪದ್ಧತಿ ಒಂದೇ. ಇವತ್ತು ಎಷ್ಟು ಹಾರುತ್ತೀಯ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. "ಬಾಯಿ ಸುಳ್ಳು ಹೇಳುತ್ತೆ, ತೊಡೆ ಹೇಳಲ್ಲ," ಎನ್ನುತ್ತಿದ್ದರು. ಜಿಗಿಯುವ ಕಾಲಿನ ತೊಡೆಯನ್ನು ಕಣ್ಣು ಮುಚ್ಚಿಕೊಂಡು ಎರಡು ಸಲ ತಟ್ಟುವುದು, ಆ ಸದ್ದು ಕೇಳುವುದು, ಆಮೇಲೆ ಅಂತರ ಗುರುತು ಮಾಡುವುದು. ಅಷ್ಟು ವರ್ಷದಲ್ಲಿ ಅವರ ಅಳತೆ ಒಮ್ಮೆಯೂ ತಪ್ಪಿರಲಿಲ್ಲ.

ಅಕ್ಕನ ಪದ್ಧತಿ ಟೇಪು. ಪ್ರತಿ ಸಿನಿಮಾಕ್ಕೂ ಹೊಸದಾಗಿ ಅಳೆಯುತ್ತಿದ್ದಳು. ನಲವತ್ತೊಂದನೆಯ ಸಿನಿಮಾಕ್ಕೆ ಅಳೆಯುವಾಗ ಎಡದೊಡೆ ಇಪ್ಪತ್ತಮೂರು ಇಂಚು ಬಂತು. ಬಲದೊಡೆ ಹತ್ತೊಂಬತ್ತು. ಟೇಪು ತಿರುಚಿಕೊಂಡಿರಬೇಕೆಂದು ಮತ್ತೊಮ್ಮೆ ಸುತ್ತಿದಳು. ಹತ್ತೊಂಬತ್ತೇ.

"ಏನೋ ಇದು, ಮರಿ?"

ಅವನು ಗೋಡೆ ನೋಡುತ್ತಾ ಹೇಳಿದ. ಬಿದ್ದು ಬಿದ್ದು ಬೆನ್ನಿನ ಮೂಳೆ ಸವೆದು ನರ ಒತ್ತಿಕೊಂಡಿದೆ, ಕಾಲು ಇನ್ನೂ ಸೊರಗುತ್ತದೆ, ಹಾರುವುದನ್ನು ಬಿಡಬೇಕು ಎಂದು ಡಾಕ್ಟರು ಹೇಳಿ ಎಂಟು ತಿಂಗಳಾಗಿತ್ತು. "ಇದೊಂದು ಸಿನಿಮಾ ಮುಗೀಲಿ ಅಕ್ಕ. ಆಮೇಲೆ ಬಿಟ್ಬಿಡ್ತೀನಿ. ಸ್ಪ್ರಿಂಗ್ ಕುಂಟ ಆದ ಅಂತ ಜನ ಅನ್ನೋದನ್ನ ಕೇಳೋಕೆ ನನ್ ಕೈಲಾಗಲ್ಲ. ಒಂಬತ್ತಡಿ ಹಾರ್ತೀನಿ ಈಗ್ಲೂ, ದಿನಾ ಅಭ್ಯಾಸ ಮಾಡ್ತಿದೀನಿ. ಕಾಲು ಮಾತ್ರ ಕಾಣದ ಹಾಗೆ ಮಾಡು."

ಅವಳು ಬೈದಳು, ಅತ್ತಳು, ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಹತ್ತಿ ತಂದಳು. ತಾಯಿಯಂತೆ ಸಾಕಿದವಳಿಗೆ ತಾಯಿಯ ದೌರ್ಬಲ್ಯವೂ ಬಂದುಬಿಡುತ್ತದೆ, ಏನು ಮಾಡುವುದು.

ಸುಮ್ಮನೆ ಹತ್ತಿ ತುಂಬಿದರೆ ದಿಂಬಿನ ಹಾಗೆ ಕಾಣುತ್ತಿತ್ತು. ಅವಳು ಹತ್ತಿಯನ್ನು ಅಂಗೈಯಲ್ಲಿ ಬಡಿದು ಬಡಿದು ಗಟ್ಟಿ ಮಾಡಿದಳು, ತೊಡೆಯ ಸ್ನಾಯು ಹೋಗುವ ದಿಕ್ಕಿನಲ್ಲೇ ಉದ್ದುದ್ದ ಹೊಲಿಗೆ ಹಾಕಿ ಒಳಗೆ ಪಟ್ಟಿ ಪಟ್ಟಿಯಾಗಿ ಕೂಡಿಸಿದಳು. ಮೇಲೊಂದು ಪದರ ಕ್ಯಾನ್ವಾಸ್ ಕೊಟ್ಟಳು. ಆಮೇಲೆ ಅವನಿಗೆ ತೊಡಿಸಿ, ಕಣ್ಣು ಮುಚ್ಚಿಕೊಂಡು ಎಡದೊಡೆ ಬಲದೊಡೆ ಎರಡನ್ನೂ ತಟ್ಟಿ ನೋಡಿದಳು. ಸದ್ದಿನಲ್ಲಿ ವ್ಯತ್ಯಾಸ ಕೇಳಿಸಿತು. ಬಿಚ್ಚಿದಳು. ಹೀಗೆ ನಾಲ್ಕು ಸಲ ಬಿಚ್ಚಿ ಹೊಲಿದಳು. ಐದನೆಯ ಸಲ ತಟ್ಟಿದಾಗ ಯಾವುದು ಮಾಂಸ ಯಾವುದು ಹತ್ತಿ ಎಂದು ಅವಳಿಗೇ ತಿಳಿಯಲಿಲ್ಲ.

"ಕಾಲಲ್ಲಪ್ಪ ಇದು, ಗಾದಿ," ಎಂದಳು.

"ಒಳ್ಳೇದೇ ಆಯ್ತು ಬಿಡು, ಬಿದ್ರೂ ನೋವಾಗಲ್ಲ," ಎಂದು ಅವನು ನಕ್ಕ. ಅವಳೂ ನಕ್ಕಳು.

ಕೊನೆಯ ಕಾಳಗದ ದಿನ. ಒಂದು ಮಹಡಿಯಿಂದ ಎದುರು ಮಹಡಿಗೆ ಜಿಗಿತ. ಕೆಳಗೆ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ್ದರು. ಎದುರು ಗೋಡೆಯ ಬುಡದಲ್ಲಿ ಮಾತ್ರ ಪೆಟ್ಟಿಗೆ ಇರಲಿಲ್ಲ; ಹಾರುವವನ ಅಂಗಾಲನ್ನು ಕೆಳಗಿನಿಂದ ಹಿಡಿಯಬೇಕೆಂದು ಅಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದ್ದರು. ಎದುರಿನ ಮಹಡಿ ಗಾಲಿಯ ಮೇಲಿನ ಸೆಟ್ಟು, ಹಿಂದೆ ಮುಂದೆ ಸರಿಸಬಹುದಿತ್ತು. ಮಾಸ್ಟರ್ ಒಂಬತ್ತು ಅಡಿ ಬಿಟ್ಟು ನಿಲ್ಲಿಸಿ ಅವನ ಹತ್ತಿರ ಬಂದರು. ಕಣ್ಣು ಮುಚ್ಚಿ ಬಲದೊಡೆಯನ್ನು ತಟ್ಟಿದರು. ಅಕ್ಕ ಸೂಜಿ ದಾರ ಹಿಡಿದು ಮೂರು ಹೆಜ್ಜೆ ಆಚೆ ನಿಂತಿದ್ದಳು. ಮಾಸ್ಟರ್ ಇನ್ನೊಮ್ಮೆ ತಟ್ಟಿದರು. ಅವರ ಮುಖ ಅರಳಿತು.

"ಕಬ್ಬಿಣ! ಇಪ್ಪತ್ತರ ಹುಡುಗನ ತೊಡೆ ಕಣೋ ಇದು. ಏಯ್, ಸೆಟ್ಟು ಹಿಂದಕ್ಕೆ ಎಳೀರಿ. ಹನ್ನೊಂದು ಮಾಡಿ."

ಆ ಒಂದು ಕ್ಷಣ ಅವಳಿಗಾದದ್ದು ಭಯವಲ್ಲ. ಹೆಮ್ಮೆ. ಜಗತ್ತನ್ನೆಲ್ಲ ತಟ್ಟಿ ನೋಡಿದ ಕೈಯನ್ನು ತನ್ನ ಹೊಲಿಗೆ ಗೆದ್ದುಬಿಟ್ಟಿತಲ್ಲ ಎಂಬ ಹೆಮ್ಮೆ. ಹನ್ನೊಂದು ಎಂಬ ಮಾತು ತಲೆಗೆ ಹೋಗುವಷ್ಟರಲ್ಲಿ ಗಾಲಿಗಳು ಉರುಳಿದ್ದವು. ತಮ್ಮ ಅವಳ ಕಡೆ ನೋಡಿದ. ಅವಳು ಬಾಯಿ ತೆರೆದಳು. ಅವನು ಬೇಡವೆಂದು ತಲೆಯಾಡಿಸಿದ. ಅವಳು ಬಾಯಿ ಮುಚ್ಚಿದಳು.

ಅವನು ಓಡಿದ, ಜಿಗಿದ. ಎರಡು ಅಡಿ ಕಮ್ಮಿಯಾಯಿತು. ಎದೆ ಗೋಡೆಗೆ ಬಡಿದು, ನೇರ ಕೆಳಗೆ, ಆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬಿದ್ದ.

ನಾಲ್ಕು ದಿನ ಬದುಕಿದ್ದ. ಮೂರನೆಯ ದಿನ ಕಣ್ಣು ಬಿಟ್ಟು ಅವಳ ಸೆರಗು ಹಿಡಿದುಕೊಂಡ. "ಅಕ್ಕ... ಹತ್ತಿ ವಿಷ್ಯ ಯಾರ್ಗೂ ಹೇಳ್ಬೇಡ." ಅವಳು "ಇಲ್ಲ ಮರಿ," ಎಂದಳು. ಆಮೇಲೆ ಅವನು ಮಾತಾಡಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ ಎಲ್ಲವೂ ಮಾಸ್ಟರ್ ತಲೆಗೆ ಬಂತು. ಆ ನಾಲ್ಕು ದಿನದಲ್ಲೇ 'ಅಳತೆ ತಪ್ಪಿದ ಮಾಸ್ಟರ್' ಎಂದು ಪತ್ರಿಕೆಗಳು ಬರೆದವು. ಫೈಟರುಗಳ ಸಂಘದವರು ಅವರನ್ನು ತೆಗೆದುಹಾಕಿದರು. ಅಭಿಮಾನಿಗಳು ಶೆಡ್ಡಿನ ಮೇಲೆ ಕಲ್ಲು ತೂರಿದರು. ತಮ್ಮನನ್ನು ಜನರ ದರ್ಶನಕ್ಕೆ ಇಡುವ ದಿನ ಬೆಳಿಗ್ಗೆ ಅಕ್ಕ ಸ್ಟುಡಿಯೊಗೆ ಬಂದಾಗ ಮಾಸ್ಟರ್ ಗೇಟಿನ ಹೊರಗೆ ನಿಂತಿದ್ದರು. ಒಳಗೆ ಬಿಟ್ಟಿರಲಿಲ್ಲ. ಅಂಗಿಯ ತೋಳು ಹರಿದಿತ್ತು. ಬಲಗೈಯ ಅಂಗೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದರು.

"ಈ ಕೈಗೆ ವಯಸ್ಸಾಯ್ತಮ್ಮ," ಎಂದರು ಅವಳನ್ನು ಕಂಡು. "ಸುಳ್ಳು ಹೇಳೋಕೆ ಶುರು ಮಾಡಿದೆ. ನಂಗೆ ಗೊತ್ತೇ ಆಗ್ಲಿಲ್ಲ."

ಅವಳು ಒಳಗೆ ಹೋದಳು. ಅತ್ತ ದರಿ, ಇತ್ತ ಪುಲಿ. ಸತ್ತ ತಮ್ಮನಿಗೆ ಕೊಟ್ಟ ಮಾತು ಒಂದು ಕಡೆ, ಬದುಕಿರುವಾಗಲೇ ಸಾಯುತ್ತಿರುವ ಮುದುಕ ಇನ್ನೊಂದು ಕಡೆ.

ದರ್ಶನದ ಹಾಲಿನ ಹಿಂದಿನ ಕೋಣೆಯಲ್ಲಿ ತಮ್ಮನನ್ನು ಮಲಗಿಸಿದ್ದರು. ನಿರ್ಮಾಪಕರ ಮ್ಯಾನೇಜರ್ ಬಿಳಿಯ ಡ್ರೆಸ್ಸು ತಂದುಕೊಟ್ಟ. ಪ್ರತಿ ಡ್ರೆಸ್ಸೂ ಎರಡೆರಡು ಹೊಲಿಯುವುದು ಅವಳ ರೂಢಿ. ಒಂದು ಆಸ್ಪತ್ರೆಯಲ್ಲಿ ಕತ್ತರಿಸಿಹೋಗಿತ್ತು, ಅದರ ಹತ್ತಿಯನ್ನು ಪೆಟ್ಟು ತಾಗದಿರಲು ಹಾಕಿದ ಮೆತ್ತೆ ಎಂದುಕೊಂಡು ಎಸೆದಿದ್ದರು. ಇದು ಇನ್ನೊಂದು. ಬಲಗಾಲಿನ ಒಳಗೆ ಅದೇ ಹತ್ತಿ, ಅದೇ ಕ್ಯಾನ್ವಾಸು.

"ಬೇಗ ತೊಡ್ಸಿಬಿಡಿ. ಹೊರಗೆ ಜನ ತಡ್ಕೊಳ್ತಿಲ್ಲ," ಎಂದ ಮ್ಯಾನೇಜರ್.

ಅವಳು ಪ್ಯಾಂಟನ್ನು ಮಡಿಲಲ್ಲಿ ಹಾಕಿಕೊಂಡು ನೆಲದ ಮೇಲೆ ಕೂತಳು. ಸಣ್ಣ ಕತ್ತರಿಯಿಂದ ಒಳಗಿನ ಹೊಲಿಗೆಯ ಒಂದು ದಾರ ಕತ್ತರಿಸಿದಳು. ಆಮೇಲೆ ಇನ್ನೊಂದು. ತನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಹೊಲಿದದ್ದು ಬೇರೆ ಇರಲಿಲ್ಲ. ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಹತ್ತಿ ಪಟ್ಟಿ ಪಟ್ಟಿಯಾಗಿ ಹೊರಗೆ ಬಂದು ಅವಳ ಪಕ್ಕದಲ್ಲಿ ಗುಡ್ಡೆಯಾಯಿತು. ಮ್ಯಾನೇಜರ್ ಕಣ್ಣು ಕಣ್ಣು ಬಿಟ್ಟು ನೋಡುತ್ತಿದ್ದ.

"ಏನಮ್ಮ ಇದು? ಕಾಲು ಕಡ್ಡಿ ಥರ ಕಾಣ್ಸುತ್ತೆ! ಜನ ಏನಂತಾರೆ?"

"ಗೇಟಿನ ಹತ್ರ ಮಾಸ್ಟರ್ ನಿಂತಿದಾರೆ. ಕರ್ಕೊಂಡ್ ಬನ್ನಿ. ಅವರು ಬರೋ ತನಕ ನಾನು ತೊಡ್ಸಲ್ಲ."

ಅವಳ ಮುಖ ನೋಡಿ ಮ್ಯಾನೇಜರ್ ಗೇಟಿನ ಕಡೆ ಹೋದ.

ಮಾಸ್ಟರ್ ಬಂದಾಗ ಹೊದಿಕೆಯ ಅಂಚು ಸರಿಸಿ, ಅವರ ಬಲಗೈ ಹಿಡಿದು ತಮ್ಮನ ಬಲದೊಡೆಯ ಮೇಲೆ ಇಟ್ಟಳು. "ತಟ್ಟಿ ನೋಡಿ ಮಾಸ್ಟರ್." ಅವರು ತಟ್ಟಲಿಲ್ಲ. ಬೆರಳುಗಳು ಆ ಸೊರಗಿದ ತೊಡೆಯನ್ನು ಸುತ್ತಿದವು. ಟೇಪಿನಲ್ಲಿ ಅಳೆದಾಗಿನದಕ್ಕಿಂತಲೂ ಇಳಿದು, ಹೆಚ್ಚುಕಮ್ಮಿ ಮಂಡಿಯಷ್ಟೇ ದಪ್ಪವಿತ್ತು. ಅವರು ನೆಲದ ಮೇಲಿನ ಹತ್ತಿ ನೋಡಿದರು. ಅವಳನ್ನು ನೋಡಿದರು.

"ನಿಮ್ಮ ಕೈ ಸುಳ್ಳು ಹೇಳ್ಲಿಲ್ಲ. ಸುಳ್ಳು ಹೊಲಿದಿದ್ದು ನಾನು."

ಅವರು ಕೈ ಹಿಂದಕ್ಕೆ ತೆಗೆದುಕೊಂಡು ಕೇಳಿದರು. "ಹನ್ನೊಂದು ಅಂದಾಗ್ಲಾದ್ರೂ ಯಾಕಮ್ಮ ಹೇಳ್ಲಿಲ್ಲ?"

"ನೀವು ಕಬ್ಬಿಣ ಅಂದ್ರಲ್ಲ ಮಾಸ್ಟರ್. ನಂಗೆ ಹೆಮ್ಮೆ ಆಗೋಯ್ತು."

ಮಾಸ್ಟರ್ ಗೋಡೆಗೆ ಒರಗಿ ಕೂತರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ಎದ್ದು, ತಮ್ಮನ ಭುಜ ಎತ್ತಿ ಹಿಡಿದರು, ಅವಳು ಬಟ್ಟೆ ತೊಡಿಸಿದಳು. ಬಲಗಾಲಿನ ಬಟ್ಟೆ ಚಪ್ಪಟೆಯಾಗಿ ಹಾಸಿಗೆಗೆ ಅಂಟಿಕೊಂಡಿತು. ಹಾಲಿನ ಬಾಗಿಲು ತೆಗೆಯುವ ಮೊದಲು ಪತ್ರಿಕೆಯವರನ್ನು ಕರೆಸಿ, ಹತ್ತಿಯ ಗುಡ್ಡೆ ತೋರಿಸಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ತಮ್ಮನ ಹೆಸರಿಗೆ ತಾನೇ ಮಸಿ ಬಳಿದೆ ಎಂದುಕೊಂಡಳು.

ಆಮೇಲೆ ಜನ ಬಂದರು. ಸುದ್ದಿ ಸಾಲಿನ ಕೊನೆಯವರೆಗೆ ಹೋಗಿತ್ತು. ಅವಳು ತಲೆಯ ಕಡೆ ನಿಂತು, ಯಾರು ಮೊದಲು ಬೈಯುತ್ತಾರೆ, ಯಾರು ಮೊದಲು ನಗುತ್ತಾರೆ ಎಂದು ಕಾಯುತ್ತಿದ್ದಳು. ಮೂಟೆ ಹೊರುವವನಂತೆ ಕಾಣುತ್ತಿದ್ದ ಒಬ್ಬ ದಪ್ಪ ಮನುಷ್ಯ ಮುಂದೆ ಬಂದ. ಚಪ್ಪಟೆಯಾದ ಬಲಗಾಲನ್ನು ತುಂಬ ಹೊತ್ತು ನೋಡಿದ. ತಲೆಯ ಮೇಲಿನ ಬಟ್ಟೆ ಬಿಚ್ಚಿ ಎದೆಗೆ ಒತ್ತಿಕೊಂಡ.

"ಈ ಕಾಲಲ್ಲಿ ಒಂಬತ್ತಡಿ ಹಾರಿದ್ನಾ ನಮ್ಮಪ್ಪ!" ಎಂದ.

ಅವನ ಹಿಂದಿನವಳು ಅದನ್ನೇ ಹೇಳಿದಳು. ಅವಳ ಹಿಂದಿನವನೂ ಅದನ್ನೇ ಹೇಳಿದ. ಆ ಮಾತು ಸಾಲಿನುದ್ದಕ್ಕೂ ಹೋಗುವುದನ್ನು ಅಕ್ಕ ಕೇಳುತ್ತಾ ನಿಂತಳು. ಯಾರೂ ಕುಂಟ ಎನ್ನಲಿಲ್ಲ. ಒಬ್ಬರೂ ಎನ್ನಲಿಲ್ಲ. ಅವಳು ಹಿಂದಿನ ಕೋಣೆಗೆ ಹೋಗಿ, ಹತ್ತಿಯ ಗುಡ್ಡೆಯ ಪಕ್ಕ ಕೂತು, ಅದನ್ನು ಎರಡೂ ಕೈಯಲ್ಲಿ ಬಾಚಿ ಬಾಯಿಗೆ ಒತ್ತಿಕೊಂಡು, ಹೊರಗಿನವರಿಗೆ ಕೇಳಿಸದ ಹಾಗೆ ಕಿರುಚಿಕೊಂಡಳು.